ಧಿಮ್ಮಿ: ರಕ್ಷಣೆ ಉಂಟು, ಸಮಾನತೆ ಇಲ್ಲ

ಮುಸ್ಲಿಂ ದೊರೆಯ ಆಳ್ವಿಕೆಯಲ್ಲಿ ಒಪ್ಪಂದದ ಮೇಲೆ ಬದುಕುತ್ತಿದ್ದ ಅನ್ಯಧರ್ಮೀಯ ಪ್ರಜೆಗೆ 'ಧಿಮ್ಮಿ' ಎಂದು ಹೆಸರು. ಮೊದಲು ಯಹೂದಿಗಳಿಗೆ, ಕ್ರೈಸ್ತರಿಗೆ ಅನ್ವಯಿಸಿದ ಈ ಸ್ಥಾನ ಮುಂದೆ ಇರಾನಿನ ಜರತುಷ್ಟ್ರರಿಗೆ (ಪಾರಸಿಗಳ ಮೂಲ ಧರ್ಮದವರು), ಭಾರತದ ಹಿಂದೂಗಳಿಗೂ ಬಂತು.

ಜೀವ, ಆಸ್ತಿ, ಪೂಜೆಗೆ ದೊರೆಯ ರಕ್ಷಣೆ; ಅದಕ್ಕೆ ಪ್ರತಿಯಾಗಿ ಜಿಜಿಯಾ ಎಂಬ ತಲೆಗಂದಾಯ. ಇಸ್ಲಾಮಿ ಕಾನೂನಿನ ಪಂಥಗಳಲ್ಲೊಂದಾದ ಹನಫಿಯ ಲೆಕ್ಕದಲ್ಲಿ ವರ್ಷಕ್ಕೆ ಬಡವನಿಗೆ 12, ಮಧ್ಯಮನಿಗೆ 24, ಸಿರಿವಂತನಿಗೆ 48 ದಿರ್ಹಮ್ (ಬೆಳ್ಳಿ ನಾಣ್ಯ). ಹೆಂಗಸರಿಗೆ, ಮಕ್ಕಳಿಗೆ ಇಲ್ಲ. ಆದರೆ ದುಡ್ಡಿಗಿಂತ ಹೆಚ್ಚು ಚುಚ್ಚಿದ್ದು ಜೊತೆಗಿದ್ದ ಷರತ್ತುಗಳು: ಹೊಸ ಪ್ರಾರ್ಥನಾಲಯ ಕಟ್ಟಬಾರದು, ಕುದುರೆ ಏರಬಾರದು, ಬಟ್ಟೆಯಲ್ಲೇ ಗುರುತು ಸಿಗಬೇಕು. ಈ ಪಟ್ಟಿಯನ್ನು ಇಸ್ಲಾಮಿನ ಆರಂಭಕಾಲದ ದೊರೆ ಖಲೀಫ ಉಮರನ ಹೆಸರಿಗೆ ಹಚ್ಚುತ್ತಾರೆ. ಅದು ಅವನ ನಂತರ ಬೆಳೆದದ್ದೆಂದು ಹಲವು ಇತಿಹಾಸಕಾರರು ಹೇಳುತ್ತಾರೆ.

ಷರತ್ತುಗಳು ಎಲ್ಲ ಕಾಲಕ್ಕೂ ಒಂದೇ ಬಿಗಿಯಲ್ಲಿ ಇರಲಿಲ್ಲ. ಅಕ್ಬರ್ 1564ರಲ್ಲಿ ಜಿಜಿಯಾ ರದ್ದು ಮಾಡಿದ, ಔರಂಗಜೇಬ್ 1679ರಲ್ಲಿ ಮತ್ತೆ ಹೇರಿದ. ಸ್ಪೇನಿನಲ್ಲಿ ಮುಸ್ಲಿಂ ದೊರೆಗಳು ಆಳುತ್ತಿದ್ದ ಗ್ರನಾಡಾದಲ್ಲಿ ಯಹೂದಿಗಳು ವಜೀರರಾದರು. 1066ರ ದಂಗೆಯಲ್ಲಿ ವಜೀರ ಯೋಸೆಫನೊಂದಿಗೆ ಅಲ್ಲಿನ ಬಹಳಷ್ಟು ಯಹೂದಿಗಳು ಕೊಲೆಯಾದರು. ಈಜಿಪ್ಟಿನಿಂದ ಆಳುತ್ತಿದ್ದ ಫಾತಿಮಿ ವಂಶದ ಖಲೀಫ ಅಲ್‌ಹಾಕಿಮ್ 1009ರಲ್ಲಿ ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಚರ್ಚನ್ನೇ ಕೆಡವಿಸಿದ. ಒಪ್ಪಂದ ಇತ್ತು ನಿಜ, ಆದರೆ ಅದನ್ನು ಉಳಿಸುವುದೂ ಮುರಿಯುವುದೂ ಒಂದೇ ಕೈಯಲ್ಲಿತ್ತು. 'ಸಹಿಷ್ಣುತೆ' ಎಂದು ಹೊಗಳುವವರೂ 'ನಿರಂತರ ನರಮೇಧ' ಎನ್ನುವವರೂ ಬಿಟ್ಟುಬಿಡುವ ಮಾತಿದು.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಇರಾನಿನ ಯಜ್ದ್ ಪಟ್ಟಣಕ್ಕೆ ಬರಬೇಕು. ಅಲ್ಲಿನ ಜರತುಷ್ಟ್ರರ ಪಾಡು ಕೇಳಿ ಮುಂಬಯಿಯ ಪಾರಸಿಗಳು 1854ರಲ್ಲಿ ಮಾಣೆಕ್‌ಜಿ ಲಿಮ್ಜಿ ಹಟಾರಿಯಾ ಎಂಬುವರನ್ನು ಕಳಿಸಿದರು. ಅವರು ಶಾಲೆ ತೆರೆಸಿದರು, ದೇಗುಲ ರಿಪೇರಿ ಮಾಡಿಸಿದರು, ಇರಾನಿನ ದೊರೆ ಷಾನ ಆಸ್ಥಾನಕ್ಕೂ ಬ್ರಿಟಿಷ್ ರಾಯಭಾರಿಗಳ ಬಾಗಿಲಿಗೂ ವರ್ಷಗಟ್ಟಲೆ ಅಲೆದರು. ಕೊನೆಗೆ 1882ರಲ್ಲಿ ನಾಸಿರುದ್ದೀನ್ ಷಾ ಜಿಜಿಯಾ ಎತ್ತಿಹಾಕಿದ. ತೆರಿಗೆ ಹೋದರೂ ಕಟ್ಟುಪಾಡು ಹೋಗಲಿಲ್ಲ. 1888ರಲ್ಲಿ ಯಜ್ದ್‌ಗೆ ಹೋದ ಇಂಗ್ಲಿಷ್ ವಿದ್ವಾಂಸ ಇ. ಜಿ. ಬ್ರೌನ್, ಜರತುಷ್ಟ್ರರು ಮಾಸಲು ಹಳದಿ ಬಟ್ಟೆಯನ್ನೇ ಉಡಬೇಕಿತ್ತು, ಕುದುರೆ ಏರುವಂತಿರಲಿಲ್ಲ ಎಂದು ಬರೆದಿದ್ದಾನೆ.