ಅಟ್ಟದ ಮೇಲಿನ ಇಲ್ಲಣ

ಇಂಗ್ಲೆಂಡಿನ ಹಳ್ಳಿಯೊಂದರ ಹಳೇ ಮರಚೌಕಟ್ಟಿನ ಮನೆಯ ವಯಸ್ಸು ತಿಳಿಯಬೇಕಿದ್ದರೆ ಅಟ್ಟ ಹತ್ತಬೇಕು. ಟಾರ್ಚ್ ಬಿಟ್ಟರೆ ಕೆಲವು ಮನೆಗಳ ತೊಲೆಗಳು ಮಸಿ ಹಿಡಿದು ಕರ್ರಗಿರುತ್ತವೆ. ಸೌದೆ ಒಲೆಯ ಕಾಲದಲ್ಲಿ ನಮ್ಮ ಅಡುಗೆಮನೆಗಳಲ್ಲಿ ಜೋತಾಡುತ್ತಿದ್ದ ಇಲ್ಲಣದ ನೆಂಟನೇ ಅದು. ಆದರೆ ಮಲಗುವ ಕೋಣೆಯ ನೆತ್ತಿಯ ಮೇಲೆ ಮಸಿ ಎಲ್ಲಿಂದ ಬಂತು?

ಕಟ್ಟಿದಾಗ ಅಲ್ಲಿ ಕೋಣೆಯೇ ಇರಲಿಲ್ಲ. ನೆಲದಿಂದ ಸೂರಿನವರೆಗೆ ಒಂದೇ ಹಜಾರ, ನಡುವೆ ನೆಲದ ಮೇಲೇ ಬೆಂಕಿ. ಹೊಗೆ ದಾರಿ ಸಿಕ್ಕಲ್ಲಿ ಹೊರಗೆ ಹೋಗುತ್ತಿತ್ತು. ಇಂಥ ಎಷ್ಟೋ ಮನೆಗಳಿಗೆ ಚಿಮಣಿ ಬಂದದ್ದು 16–17ನೇ ಶತಮಾನಗಳಲ್ಲಿ. ಆಮೇಲೆ ಹಜಾರದ ನಡುಎತ್ತರಕ್ಕೆ ಹಲಗೆ ಹಾಸಿ ಮಹಡಿ ಮಾಡಿಕೊಂಡರು. ಹಳೇ ಮಸಿ ಮೇಲೆಯೇ ಉಳಿಯಿತು.

ಈ ಮನೆಗಳ ಭಾರವೆಲ್ಲ ಮರದ ಮೇಲೆ. ಗೋಡೆ ಎಂದರೆ ಮಣ್ಣು, ಹುಲ್ಲು, ಸಗಣಿ ಮೆತ್ತಿದ ತಡಿಕೆ ಅಷ್ಟೆ. ಬಡಗಿ ಮೊದಲು ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಕೀಲುಗಳಿಗೆ ರೋಮನ್ ಅಂಕಿ ಗೀರಿ, ಬಿಚ್ಚಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದ. ಕೂಡುವ ಮರಗಳ ತೂತುಗಳನ್ನು ಬೇಕೆಂದೇ ಒಂಚೂರು ತಪ್ಪಿಸಿ ಕೊರೆಯುತ್ತಿದ್ದ. ಓಕ್ ಗೂಟ ಬಡಿದಷ್ಟೂ ಕೀಲು ಬಿಗಿಯಾಗುತ್ತಿತ್ತು. ಒಣಗಿದ ಓಕ್ ಉಳಿಗೆ ಜಗ್ಗದು, ಹಾಗಾಗಿ ಕಡಿದ ಹಸಿ ಮರವನ್ನೇ ಬಳಸುತ್ತಿದ್ದರು. ಇದು ವಿಜ್ಞಾನಿಗಳಿಗೆ ವರವಾಯಿತು: ಮರ ವರ್ಷಕ್ಕೊಂದರಂತೆ ಬೆಳೆಸುವ ಉಂಗುರಗಳಲ್ಲಿ ತೊಗಟೆಯಡಿಯ ಕೊನೆಯದು ಉಳಿದಿದ್ದರೆ ಮರ ಕಡಿದ ವರ್ಷ ಸಿಗುತ್ತದೆ, ಮನೆ ಕಟ್ಟಿದ್ದೂ ಸುಮಾರು ಆಗಲೇ.

ಮಧ್ಯಯುಗದ ರೈತನ ಮನೆ ಬರೀ ಗುಡಿಸಲು, ಉಳಿದಿರಲಾರದು ಎಂಬುದು ಬಹುಕಾಲದ ನಂಬಿಕೆ. ಹಳೇ ಮನೆಗಳ ಅಧ್ಯಯನಕಾರರಾದ ನ್ಯಾಟ್ ಆಲ್ಕಾಕ್ ಮತ್ತು ಡ್ಯಾನ್ ಮೈಲ್ಸ್ ಮಧ್ಯ ಇಂಗ್ಲೆಂಡಿನಲ್ಲಿ, ಬಾಗಿದ ಜೋಡಿಮರಗಳು ನೆತ್ತಿಯಲ್ಲಿ ಕೂಡಿ ಸೂರು ಹೊರುವ ಮನೆಗಳ ಉಂಗುರ ಎಣಿಸಿದಾಗ, ಎಷ್ಟೋ ಮನೆಗಳು 15ನೇ ಶತಮಾನದ ಆಸುಪಾಸಿನವೆಂದು ಗೊತ್ತಾಯಿತು. ಜನ ಇಂದಿಗೂ ಅವುಗಳಲ್ಲಿ ವಾಸವಿದ್ದಾರೆ.

ವಾಸವಿದ್ದವರ ಸುಳಿವು ಕಾಗದದಲ್ಲಿದೆ. ಯಜಮಾನ ಸತ್ತರೆ ನೆರೆಯವರು ಕೋಣೆ ಕೋಣೆ ಸುತ್ತಿ ಹಾಸಿಗೆ, ಹಿತ್ತಾಳೆ ಪಾತ್ರೆ, ಹಸು ಎಲ್ಲಕ್ಕೂ ಬೆಲೆ ಕಟ್ಟಿ ಬರೆಯುತ್ತಿದ್ದರು. ಪಟ್ಟಿಯಲ್ಲಿ ‘ಹಜಾರದ ಮೇಲಿನ ಕೋಣೆ’ ಕಂಡರೆ ಅಷ್ಟರಲ್ಲಿ ಮಹಡಿ ಬಂದಾಗಿತ್ತು ಎಂದರ್ಥ.

ಕ್ಯಾಲೆಂಡರಿನ ಚಿತ್ರಗಳಲ್ಲಿ ಇವು ಬಡವರ ಮುದ್ದು ಮನೆಗಳು. ನನಗೆ ಅದು ಅರ್ಧಸತ್ಯ. ಹಲವನ್ನು ಕಟ್ಟಿಸಿದ್ದು ಅನುಕೂಲಸ್ಥ ರೈತರು; 18–19ನೇ ಶತಮಾನಗಳಲ್ಲಿ ಒಂದೊಂದನ್ನು ಎರಡು ಮೂರು ಪಾಲು ಮಾಡಿ ಕೂಲಿಯವರಿಗೆ ಕೊಟ್ಟರು. ಎಷ್ಟೋ ಕಡೆ ರಿಪೇರಿ ಯಾರೂ ಮಾಡಲಿಲ್ಲ. ಸಸೆಕ್ಸಿನ ಆಲ್ಫ್ರಿಸ್ಟನ್‌ನಲ್ಲಿ 14ನೇ ಶತಮಾನದ ಅಂಥ ಒಂದು ಮನೆ ಬೀಳುವಂತಾಗಿತ್ತು. 1896ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಅದನ್ನು 10 ಪೌಂಡಿಗೆ ಕೊಂಡಿತು. ಟ್ರಸ್ಟ್ ಕೊಂಡ ಮೊದಲ ಕಟ್ಟಡವೇ ಇದು. ಅದರ ಹಜಾರದ ನೆಲ ಸೀಮೆಸುಣ್ಣ ಬಡಿದು, ಹುಳಿಹಾಲು ಸುರಿದು ಗಟ್ಟಿ ಮಾಡಿದ್ದು.