ರೇಷ್ಮೆ ನೂಲಿನ ಗೋಂದು ತೆಗೆಯಲು ಅಂಟುವಾಳ ಸಾಕೇ?

ಪ್ರಶ್ನೆ: ಮನೆಯಲ್ಲೇ ರೇಷ್ಮೆ ನೂಲಿಗೆ ಗಿಡಮೂಲದ ಬಣ್ಣ ಹಾಕಬೇಕೆಂದಿದ್ದೇನೆ. ಮೊದಲು ಗೋಂದು ತೆಗೆಯಬೇಕಂತೆ. ಸೋಪು, ಸೋಡಾ ಬಿಟ್ಟು ಬರೀ ಅಂಟುವಾಳದ ಕಾಯಿಯಲ್ಲಿ ಬೇಯಿಸಬಹುದೇ?

ಉತ್ತರ: ಅಂಟುವಾಳ ಬಳಸಿ, ಆದರೆ ಅದೊಂದನ್ನೇ ನಂಬಬೇಡಿ. ಅದು ಕೊಳೆ, ಜಿಡ್ಡು ತೆಗೆಯುತ್ತದೆ. ಗೋಂದು ಕರಗಬೇಕಾದರೆ ಕ್ಷಾರ ಬೇಕು. ಆ ಕ್ಷಾರವೂ ಗಿಡದಿಂದಲೇ ಸಿಗುತ್ತದೆ.

ಹುಳು ಗೂಡು ಕಟ್ಟುವಾಗ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ಎಳೆಗಳನ್ನು ಸೆರಿಸಿನ್ ಎಂಬ ಗೋಂದು ಹಿಡಿದಿರುತ್ತದೆ. ಹಿಪ್ಪುನೇರಳೆ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಪಾಲು ಗೋಂದೇ. ಶಿಡ್ಲಘಟ್ಟದಲ್ಲಿ ಬಿಚ್ಚಿದ ಕಚ್ಚಾ ನೂಲು ಒರಟಾಗಿ, ಮಂಕಾಗಿ ಇರುವುದು ಇದರಿಂದಲೇ. ಸೆರಿಸಿನ್ ಬಿಸಿನೀರಿನಲ್ಲಿ ಉಬ್ಬುತ್ತದೆ, ಕ್ಷಾರ ಸೇರಿದರೆ ಬೇಗ ಕರಗುತ್ತದೆ. ಅಂಟುವಾಳದ ನೊರೆ ಬರುವುದು ಅದರಲ್ಲಿರುವ ಸಪೋನಿನ್ ಎಂಬ ಅಂಶದಿಂದ. ಆದರೆ ಅದರ ಕಷಾಯ ತುಸು ಆಮ್ಲೀಯ. ಹಾಗಾಗಿ ಬರೀ ಅದರಲ್ಲಿ ಬೇಯಿಸಿದರೆ ಗೋಂದು ಅರ್ಧಂಬರ್ಧ ಉಳಿದು, ಆಮೇಲೆ ಬಣ್ಣ ತೇಪೆತೇಪೆಯಾಗಿ ಕೂರುತ್ತದೆ.

ಅಸ್ಸಾಮಿನ ಮನೆಗಳಲ್ಲಿ ಎರಿ ಎಂಬ ಇನ್ನೊಂದು ಬಗೆಯ ರೇಷ್ಮೆಯ ಗೂಡು ಬೇಯಿಸಲು ಬಾಳೆಯ ಬೂದಿ ನೀರು ಬಳಸುವ ರೂಢಿ ಇದೆ. ಬಾಳೆಯಲ್ಲಿ ಪೊಟ್ಯಾಸಿಯಂ ಹೇರಳ. ಒಣಗಿದ ದಿಂಡು, ಸಿಪ್ಪೆ ಸುಟ್ಟ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಸಿಗುತ್ತದೆ. ಬಾಳೆ ಬೆಳೆಯುವ ನಮಗೂ ಇದು ಕೈಗೆಟುಕುವ ದಾರಿ.

100 ಗ್ರಾಂ ನೂಲಿಗೆ 3 ಲೀಟರ್ ನೀರು ಇಟ್ಟುಕೊಳ್ಳಿ. ಅಂಟುವಾಳದ ಬೀಜ ತೆಗೆದು, ಒಂದು ಹಿಡಿ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿ. ಇದಕ್ಕೆ ಬಾಳೆಯ ಬೂದಿ ಕದಡಿ ತಿಳಿಯಾದ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತಾ, ಕ್ಷಾರದ ಮಟ್ಟ ತೋರಿಸುವ ಪಿಎಚ್ ಕಾಗದದಲ್ಲಿ ನೋಡಿ: 9ರಿಂದ 9.5ಕ್ಕೆ ನಿಲ್ಲಿಸಿ. ಕ್ಷಾರ ಅತಿಯಾದರೆ ಗೋಂದಿನ ಜೊತೆ ಎಳೆಯೂ ಸವೆಯುತ್ತದೆ. ಸ್ಟೀಲ್ ಪಾತ್ರೆಯೇ ಇರಲಿ, ಕಬ್ಬಿಣವಾದರೆ ನೂಲು ಕಪ್ಪಿಡುತ್ತದೆ. ಲಡಿಯನ್ನು ಸಡಿಲವಾಗಿ ಕಟ್ಟಿ ಮುಳುಗಿಸಿ, 90 ಡಿಗ್ರಿಯ ಆಸುಪಾಸಿನಲ್ಲಿ, ಕೊತಕೊತ ಕುದಿಯಲು ಬಿಡದೆ ಮುಕ್ಕಾಲು ಗಂಟೆ ಇಡಿ. ಮೊದಮೊದಲು ನೂಲು ಕೈಗೆ ಲೋಳೆಲೋಳೆ ಅನ್ನಿಸುತ್ತದೆ, ಗೋಂದು ಉಬ್ಬಿರುವುದರಿಂದ. ಆ ಲೋಳೆ ಹೋಗಿ ಎಳೆಗಳು ಬಿಡಿಬಿಡಿಯಾದಾಗ ಸಾಕು. ಮೊದಲ ಜಾಲಾಟ ಬಿಸಿನೀರಿನಲ್ಲೇ ಆಗಲಿ. ತಣ್ಣೀರಿಗೆ ಹಾಕಿದರೆ ಕರಗಿದ ಗೋಂದು ಮತ್ತೆ ನೂಲಿಗೇ ಹತ್ತಿಕೊಳ್ಳುತ್ತದೆ. ಒಣಗಿದ ಮೇಲೆ ತೂಗಿ: 75 ಗ್ರಾಂ ಹತ್ತಿರ ಬಂದರೆ ಕೆಲಸ ಆಗಿದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ಒಡೆದು ಬಿಳಿ ಕಸರಾಗಿ ನೂಲಿಗೆ ಮೆತ್ತಿಕೊಳ್ಳುತ್ತದೆ. ಸಪೋನಿನ್‌ಗೆ ಆ ಕಾಟವಿಲ್ಲ. ಅಂಟುವಾಳವನ್ನು ನಾನು ಮೆಚ್ಚುವುದು ಇದಕ್ಕೇ. ಅದು ತುಸು ಹಳದಿ ಛಾಯೆ ಬಿಡುವುದರಿಂದ ಹಾಲುಬಿಳುಪು ಬೇಕಾದವರಿಗೆ ಹೊಂದದು. ಬಣ್ಣ ಹಾಕುವ ನಿಮಗೆ ಚಿಂತೆಯಿಲ್ಲ.

ಉಳಿದ ನೀರನ್ನು ಮಾತ್ರ ಕೆರೆ, ಹಳ್ಳಕ್ಕೆ ಬಿಡಬೇಡಿ. ಸೆರಿಸಿನ್ ಒಂದು ಪ್ರೋಟೀನು. ಕೊಳೆಯುವಾಗ ನೀರಿನ ಆಮ್ಲಜನಕ ಹೀರುತ್ತದೆ. ಸಪೋನಿನ್ನಂತೂ ಮೀನಿಗೆ ವಿಷ, ಹಿಂದೆ ಮೀನು ಹಿಡಿಯಲು ಅಂಟುವಾಳ ಅರೆದು ನೀರಿಗೆ ಹಾಕುತ್ತಿದ್ದರು. ಮನೆಯ ಹಿಂದೆ, ಬಾವಿಯಿಂದ ದೂರದಲ್ಲಿ ಇಂಗುಗುಂಡಿ ತೋಡಿ ಅದಕ್ಕೆ ಸುರಿಯಿರಿ.