ಅಮೆರಿಕದ ರಿಟರ್ನ್‌ನಲ್ಲಿ ಅಪ್ಪ-ಅಮ್ಮ ಅವಲಂಬಿತರಾಗುವುದು ಯಾವಾಗ?

ಅಮೆರಿಕದಲ್ಲಿ ಉಚಿತವಾಗಿ ತೆರಿಗೆ ನೆರವು ಕೊಡುವ ವೀಟಾ ಕಾರ್ಯಕ್ರಮದ ಸ್ವಯಂಸೇವಕರ ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಅಂಕಿಗಳೆಲ್ಲ 2025ರ ತೆರಿಗೆ ವರ್ಷದವು.

ವಯಸ್ಕ ಅವಲಂಬಿತರು (ತಾವು ಸಾಕುತ್ತಿರುವವರೆಂದು ತೆರಿಗೆದಾರರು ತಮ್ಮ ತೆರಿಗೆ ರಿಟರ್ನ್‌ನಲ್ಲಿ ಹೆಸರು ಸೇರಿಸುವ ದೊಡ್ಡವರು) ಎಂದ ಕೂಡಲೇ ಎಲ್ಲರೂ ಆದಾಯದ ಮಿತಿಯನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಎದುರಿಗೆ ಕುಳಿತಿರುವುದು ಕನ್ನಡದ ಕುಟುಂಬವಾದರೆ ಮೊದಲು ಕೇಳಬೇಕಾದದ್ದು ಬೇರೆ: ಅಪ್ಪ-ಅಮ್ಮ ಇರುವುದು ಎಲ್ಲಿ? ಅವಲಂಬಿತರು ವರ್ಷದ ಯಾವುದಾದರೂ ಭಾಗದಲ್ಲಿ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿಯಾಗಿರಬೇಕು. ಕೆನಡಾ, ಮೆಕ್ಸಿಕೊ ನಿವಾಸಿಗಳಿಗೂ ವಿನಾಯಿತಿ ಇದೆ; ಭಾರತಕ್ಕೆ ಇಲ್ಲ. ಶಿವಮೊಗ್ಗದಲ್ಲೇ ಇರುವ ತಾಯಿಗೆ ಮಗ ತಿಂಗಳಿಗೆ ಎಷ್ಟೇ ಡಾಲರ್ ಕಳುಹಿಸಲಿ, ಆಕೆಯ ಹೆಸರು ರಿಟರ್ನ್‌ನಲ್ಲಿ ಬರುವಂತಿಲ್ಲ.

ಗ್ರೀನ್ ಕಾರ್ಡ್ ಇದ್ದರೆ ಈ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಸಂದರ್ಶಕರ ವೀಸಾದಲ್ಲಿ ಬಂದವರಾದರೆ ದಿನ ಎಣಿಸಬೇಕು. ಈ ವರ್ಷದ ಅಷ್ಟೂ ದಿನಗಳು, ಕಳೆದ ವರ್ಷದ ದಿನಗಳ ಮೂರನೆಯ ಒಂದು ಭಾಗ, ಅದರ ಹಿಂದಿನ ವರ್ಷದ ಆರನೆಯ ಒಂದು ಭಾಗ, ಇವೆಲ್ಲ ಕೂಡಿ 183 ಮುಟ್ಟಬೇಕು. ಈ ವರ್ಷದ್ದೇ ಕನಿಷ್ಠ 31 ದಿನ ಇರಬೇಕು. ಪ್ರತಿ ವರ್ಷ 120 ದಿನ ಇದ್ದು ಹೋಗುವ ತಾಯಿಗೆ 120, 40, 20 ಸೇರಿ 180; ನಿವಾಸಿಯಲ್ಲ. ಎರಡೇ ವರ್ಷ 150 ದಿನದಂತೆ ಇದ್ದ ತಾಯಿಗೆ 150, 50 ಸೇರಿ 200, ನಿವಾಸಿ. ಆದರೆ ಈ ವರ್ಷ 183 ದಿನಕ್ಕಿಂತ ಕಡಿಮೆ ಇದ್ದು, ತನ್ನ ಬದುಕಿನ ನಂಟೆಲ್ಲ ಭಾರತದಲ್ಲೇ ಇದೆ ಎಂದು ತೋರಿಸಬಲ್ಲವರು 8840 ನಮೂನೆ ಸಲ್ಲಿಸಿ ಅನಿವಾಸಿಯಾಗಿಯೇ ಉಳಿಯಬಹುದು. ನನ್ನ ಮಟ್ಟಿಗೆ ಹೆಚ್ಚಿನ ತಾಯಂದಿರಿಗೆ ಇದೇ ಒಳ್ಳೆಯ ದಾರಿ. ನಿವಾಸಿಯಾದರೆ ಭಾರತದ ಆದಾಯವೂ ಅಮೆರಿಕದ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದ್ದರೆ ಅದನ್ನೂ ವರದಿ ಮಾಡಬೇಕು. ಮಗನಿಗೆ ಸಿಗುವುದು ಕಟ್ಟಬೇಕಾದ ತೆರಿಗೆಯಲ್ಲಿ 500 ಡಾಲರ್ ಇಳಿಕೆ. ಅದಕ್ಕೂ ತಾಯಿಯ ಹೆಸರಿನಲ್ಲಿ ಐಟಿಐಎನ್ ಎಂಬ ತೆರಿಗೆ ಗುರುತಿನ ಸಂಖ್ಯೆ ಮಾಡಿಸಬೇಕು.

ಈಗ ಆದಾಯ. ಅವಲಂಬಿತರ ಒಟ್ಟು ಆದಾಯ 5,200 ಡಾಲರ್‌ಗಿಂತ ಕಡಿಮೆ ಇರಬೇಕು. ತೆರಿಗೆ ಬೀಳದ ಸೋಷಿಯಲ್ ಸೆಕ್ಯುರಿಟಿ (ಅಮೆರಿಕದ ಸರ್ಕಾರಿ ಪಿಂಚಣಿ) ಇದರಲ್ಲಿ ಸೇರುವುದಿಲ್ಲ. ಎಡವುವುದು ಬಾಡಿಗೆಯಲ್ಲಿ. ಗ್ರೀನ್ ಕಾರ್ಡ್ ಇರುವ ತಾಯಿಗೆ ಮೈಸೂರಿನ ಮನೆಯಿಂದ ತಿಂಗಳಿಗೆ 28,000 ರೂಪಾಯಿ ಬಾಡಿಗೆ, ವರ್ಷಕ್ಕೆ 1,20,000 ರೂಪಾಯಿ ಠೇವಣಿ ಬಡ್ಡಿ ಬರುತ್ತದೆ ಎಂದುಕೊಳ್ಳಿ. ಒಟ್ಟು 4,56,000, ಡಾಲರ್‌ಗೆ 85 ರೂಪಾಯಿಯಂತೆ ಸುಮಾರು 5,365 ಡಾಲರ್. ಕಂದಾಯ, ಸುಣ್ಣಬಣ್ಣಕ್ಕೆಂದು 40,000 ರೂಪಾಯಿ ಕಳೆದರೆ ಮಿತಿಯೊಳಗೆ ಬರುತ್ತದಲ್ಲ ಎನ್ನಿಸುತ್ತದೆ. ಕಳೆಯುವಂತಿಲ್ಲ. ಈ ಆದಾಯದ ಪರೀಕ್ಷೆಗೆ ಕೈಗೆ ಬಂದ ಬಾಡಿಗೆ ಅಷ್ಟೂ ಆದಾಯವೇ.

ಮುಂದಿನದು ಪೋಷಣೆ: ವರ್ಷದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀವು ಭರಿಸಿರಬೇಕು. ಮಗಳ ಮನೆಯಲ್ಲಿ ಇರುವ ತಾಯಿಯ ಕೋಣೆಗೆ ಮಾರುಕಟ್ಟೆಯ ಬಾಡಿಗೆ ದರದಲ್ಲಿ ವರ್ಷಕ್ಕೆ 9,600, ಊಟದ ಪಾಲು 3,000, ವಿಮೆ ಮತ್ತು ಔಷಧಿ 4,000, ಬಟ್ಟೆ ಮತ್ತು ಓಡಾಟ 1,400. ಒಟ್ಟು 18,000 ಡಾಲರ್. ತಾಯಿ ತನ್ನ ಹಣದಿಂದ 4,000 ಖರ್ಚು ಮಾಡಿದ್ದರೂ ಮಗಳ ಪಾಲು 14,000, ಆದ್ದರಿಂದ ಪಾಸು. ಕೋಣೆಗೆ ಮನೆಸಾಲದ ಕಂತಿನ ಪಾಲು ಹಾಕಬೇಡಿ, ಬಾಡಿಗೆಯ ಬೆಲೆ ಹಾಕಿ. ತಾಯಿಯ ಖಾತೆಯಲ್ಲಿ ಎಷ್ಟೇ ಹಣವಿರಲಿ, ಖರ್ಚಾಗದಿದ್ದರೆ ಅದು ಪೋಷಣೆಯಲ್ಲ.

ತಂದೆ-ತಾಯಿ, ಅತ್ತೆ-ಮಾವ, ಒಡಹುಟ್ಟಿದವರು ನಿಮ್ಮ ಜೊತೆಯಲ್ಲೇ ಇರಬೇಕೆಂದಿಲ್ಲ. ತಾಯಿಯ ತಂಗಿ ರಕ್ತಸಂಬಂಧಿ, ಆಕೆಯೂ ಹಾಗೆಯೇ. ಆದರೆ ತಂದೆಯ ತಮ್ಮನ ಹೆಂಡತಿ ಇಡೀ ವರ್ಷ ನಿಮ್ಮ ಮನೆಯಲ್ಲೇ ಇದ್ದಿರಬೇಕು.

500 ಡಾಲರ್‌ಗಿಂತ ದೊಡ್ಡ ಲಾಭ ಇನ್ನೊಂದು ಕಡೆ ಇದೆ. ಮದುವೆಯಾಗದವರು ಅವಲಂಬಿತ ತಾಯಿ ಇರುವ ಮನೆಯ ಅರ್ಧಕ್ಕಿಂತ ಹೆಚ್ಚು ಖರ್ಚು ಭರಿಸುತ್ತಿದ್ದರೆ, ಆ ಮನೆ ಬೇರೆಯೇ ಆಗಿದ್ದರೂ, ಹೆಡ್ ಆಫ್ ಹೌಸ್‌ಹೋಲ್ಡ್ (ಮನೆಯ ಯಜಮಾನರೆಂಬ, ತೆರಿಗೆ ಕಡಿಮೆ ಬೀಳುವ ವರ್ಗ) ಆಗಬಹುದು. ಪ್ರಮಾಣಿತ ಕಡಿತ (ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) 15,750ರಿಂದ 23,625 ಡಾಲರ್‌ಗೆ ಏರುತ್ತದೆ. ಮೈಸೂರಿನ ಬಾಡಿಗೆಯಿಂದಾಗಿ ಆದಾಯದ ಪರೀಕ್ಷೆಯಲ್ಲಿ ಮಾತ್ರ ಬಿದ್ದುಹೋದ ತಾಯಿಯ ಆಸ್ಪತ್ರೆ ಖರ್ಚನ್ನು ಮಗಳು ತನ್ನ ವೈದ್ಯಕೀಯ ಖರ್ಚಿನಲ್ಲಿ ಸೇರಿಸಿಕೊಳ್ಳಬಹುದು. ಆದರೆ ಪ್ರಮಾಣಿತ ಕಡಿತದ ಬದಲು ಕಡಿತಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ, ಆದಾಯದ ಶೇ 7.5 ದಾಟಿದ ಭಾಗಕ್ಕೆ ಮಾತ್ರ.

ಅಣ್ಣ-ತಂಗಿಯರು ಹಂಚಿಕೊಂಡು ನೋಡಿಕೊಳ್ಳುತ್ತಿದ್ದು ಯಾರೊಬ್ಬರದೂ ಅರ್ಧ ದಾಟದಿದ್ದರೆ 2120 ನಮೂನೆ ಇದೆ. ಶೇ 10ಕ್ಕಿಂತ ಹೆಚ್ಚು ಕೊಟ್ಟವರಲ್ಲಿ ಒಬ್ಬರು ತಾಯಿಯ ಹೆಸರು ಹಾಕಿಕೊಳ್ಳುತ್ತಾರೆ, ಉಳಿದವರು ಸಹಿ ಮಾಡಿ ಬಿಟ್ಟುಕೊಡುತ್ತಾರೆ. ಮುಂದಿನ ವರ್ಷ ಸರದಿ ಬದಲಾಗಬಹುದು. ಈ ದಾರಿಯಲ್ಲಿ ಬಂದ ಅವಲಂಬಿತರಿಂದ ಹೆಡ್ ಆಫ್ ಹೌಸ್‌ಹೋಲ್ಡ್ ಸಿಗುವುದಿಲ್ಲ.